ಹಾಸನದ ನೃತ್ಯಶಾಲೆಯಲ್ಲಿ ಕ್ವಿಯರ್ ಕಲಿಕಾರ್ಥಿಗಳು: ಪ್ರತ್ಯೇಕ ಬ್ಯಾಚ್ ಬೇಕೆ?

ಪ್ರಶ್ನೆ: ನಾನು ಹಾಸನದಲ್ಲಿ ಭರತನಾಟ್ಯ ಕಲಿಸುತ್ತೇನೆ. ಮೊದಲ ಮಹಡಿಯ ಬಾಡಿಗೆ ಹಾಲ್‌ನಲ್ಲಿ ತರಗತಿ ನಡೆಯುತ್ತದೆ. ಮಕ್ಕಳೇ ಹೆಚ್ಚು, ಸಂಜೆ ದೊಡ್ಡವರದೊಂದು ಬ್ಯಾಚ್ ಇದೆ. ನನ್ನಲ್ಲಿ ಸೀನಿಯರ್ ಪರೀಕ್ಷೆಯವರೆಗೆ ಕಲಿತಿದ್ದ ಹುಡುಗನೊಬ್ಬ ಈಚೆಗೆ ಬಂದು ತಾನು ಗೇ ಎಂದು ಹೇಳಿಕೊಂಡ. ತನ್ನಂಥವರು ಊರಿನಲ್ಲಿ ಇನ್ನೂ ಕೆಲವರಿದ್ದಾರೆ, ಅವರಿಗೆ ಕುಣಿಯಲು ಜಾಗವಿಲ್ಲ ಎಂದ. ಟ್ರಾನ್ಸ್ ಮಹಿಳೆಯೊಬ್ಬರೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ನನಗೆ ಮನಸ್ಸಿದೆ. ಅವರಿಗಾಗಿ ಪ್ರತ್ಯೇಕ ಬ್ಯಾಚ್ ಮಾಡಬೇಕೆ? ಪೋಷಕರು ಮಕ್ಕಳನ್ನು ಬಿಡಿಸಿದರೆ, ಕಟ್ಟಡದ ಮಾಲೀಕರು ಆಕ್ಷೇಪಿಸಿದರೆ ಏನು ಮಾಡಲಿ? ಆ ಹುಡುಗನನ್ನು ಸಹಾಯಕ ಶಿಕ್ಷಕನಾಗಿ ಇಟ್ಟುಕೊಳ್ಳಬಹುದೆ?
(ಹೆಸರು ಬೇಡವೆಂದ ಓದುಗರು, ಹಾಸನ)

ಉತ್ತರ: ಪ್ರತ್ಯೇಕ ಬ್ಯಾಚಿನಿಂದ ಆರಂಭಿಸಬೇಡಿ. ಈಗಿರುವ ಸಂಜೆಯ ಬ್ಯಾಚನ್ನೇ, ಯಾರೂ ತಮ್ಮ ಬಗ್ಗೆ ಏನನ್ನೂ ಹೇಳಿಕೊಳ್ಳದೆ ಬಂದು ಕಲಿತು ಹೋಗಬಹುದಾದ ತರಗತಿಯಾಗಿ ಮೊದಲು ತಿದ್ದಿಕೊಳ್ಳಿ. ಅದು ಕೆಲವು ತಿಂಗಳು ಸರಾಗವಾಗಿ ನಡೆದ ಮೇಲೆ, ಬೇಕೆನ್ನುವವರಿಗಾಗಿ ವಾರಕ್ಕೊಂದು ಗಂಟೆ ಬಾಗಿಲು ಮುಚ್ಚಿ ಕುಣಿಯುವ ಏರ್ಪಾಡು ಮಾಡಿ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಹಾಸನದಂಥ ಊರಿನಲ್ಲಿ ನಿಮ್ಮ ಒಳ್ಳೆಯ ಉದ್ದೇಶವೇ ಅವರಿಗೆ ಅಪಾಯವಾದೀತು.

ದೊಡ್ಡ ನಗರದ ಮಾದರಿ ಇಲ್ಲಿಗೆ ಹೊಂದದು. ಲಂಡನ್ನಿನಲ್ಲಿ 1995ರಲ್ಲಿ ಆರಂಭವಾದ ಕ್ಲಬ್ ಕಾಳಿ ಎಂಬ ನೃತ್ಯಕೂಟ ದಕ್ಷಿಣ ಏಷ್ಯಾದ ಕ್ವಿಯರ್ (ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದ) ಜನರಿಗೆ ಭಾಂಗ್ರಾ ಮತ್ತು ಹಿಂದಿ ಚಿತ್ರಗೀತೆಗಳಿಗೆ ಕುಣಿಯುವ ಜಾಗ ಕೊಟ್ಟಿತು. ಅಲ್ಲಿನ ಗೇ ಕ್ಲಬ್ಬುಗಳಲ್ಲಿ ತಮ್ಮ ಹಾಡು ಕೇಳಿಸುತ್ತಿರಲಿಲ್ಲ, ತಮ್ಮವರ ಮದುವೆ ಮನೆಗಳಲ್ಲಿ ಹಾಡಿದ್ದರೂ ತಾವು ತಾವಾಗಿ ಕುಣಿಯುವಂತಿರಲಿಲ್ಲ. ಈ ಎರಡು ಕೊರತೆಗಳ ನಡುವೆ ಹುಟ್ಟಿದ ಜಾಗ ಅದು. ಅದರಿಂದ ನಾವು ಕಲಿಯಬೇಕಾದದ್ದು ಹಾಡು ತಮ್ಮದಾಗಿರಬೇಕು ಎಂಬುದನ್ನು. ಕಲಿಯಬಾರದದ್ದು ಪ್ರಚಾರವನ್ನು. ಲಂಡನ್ನಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಬ್ಬರು ಬಸ್ಸಿಳಿದು ಎರಡು ಬೀದಿ ನಡೆದರೆ ಅಪರಿಚಿತರಾಗುತ್ತಾರೆ. ಹಾಸನದಲ್ಲಿ ಬಿ.ಎಂ. ರಸ್ತೆಯಲ್ಲಿ ಒಂದು ಸಂಜೆ ಅಡ್ಡಾಡಿದರೆ ಸಾಕು, ಅಪ್ಪನ ಸಹೋದ್ಯೋಗಿಯೋ ಚಿಕ್ಕಮ್ಮನ ನೆರೆಮನೆಯವರೋ ಸಿಕ್ಕೇ ಸಿಗುತ್ತಾರೆ. ಇಂಥ ಊರಿನಲ್ಲಿ ಬಾಗಿಲ ಮೇಲೆ ಕ್ವಿಯರ್ ಜನರ ಗುರುತಾದ ಕಾಮನಬಿಲ್ಲಿನ ಬಣ್ಣದ ಫಲಕ ತೂಗುಹಾಕಿದರೆ, ಒಳಗೆ ಬಂದವರ ಗುಟ್ಟನ್ನು ಅವರಿಗಿಂತ ಮೊದಲು ನಾವೇ ಊರಿಗೆ ಹೇಳಿದಂತಾಗುತ್ತದೆ. ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳನ್ನೂ ಕೆಳಗೆ ನಿಲ್ಲಿಸಿದ ಸ್ಕೂಟರಿನ ನಂಬರನ್ನೂ ನೋಡಿ ಒಳಗೆ ಯಾರಿದ್ದಾರೆಂದು ಹೇಳಬಲ್ಲ ಜನ ನಮ್ಮಲ್ಲಿದ್ದಾರೆ. ಚಪ್ಪಲಿ ಇಡಲು ಬಾಗಿಲ ಒಳಗೇ ಒಂದು ರ‍್ಯಾಕ್ ಮಾಡಿಸಿ. ಇದು ಸಣ್ಣ ಮಾತೆಂದು ತಳ್ಳಿಹಾಕಬೇಡಿ.

ಗುಟ್ಟು ಸಾಮಾನ್ಯವಾಗಿ ಹೊರಬೀಳುವುದು ದ್ವೇಷದಿಂದಲ್ಲ, ನಾವು ಯೋಚಿಸದೆ ಬಿಟ್ಟ ಸಣ್ಣ ವ್ಯವಸ್ಥೆಗಳಿಂದ. ನಿಮ್ಮ ಪ್ರವೇಶ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಚೌಕಗಳಿದ್ದರೆ ಅವನ್ನು ತೆಗೆದುಬಿಡಿ, ಏಕೆಂದರೆ ಅಡವು, ಅಂದರೆ ನೃತ್ಯದ ಮೂಲ ಹೆಜ್ಜೆಗಳನ್ನು ಕಲಿಸಲು ಆ ಮಾಹಿತಿ ನಿಮಗೆ ಬೇಕಾಗಿಯೇ ಇಲ್ಲ. ತರಗತಿಯಲ್ಲಿ ಕರೆಯಬೇಕಾದ ಹೆಸರು, ತುರ್ತು ಸಂದರ್ಭದಲ್ಲಿ ಕರೆ ಮಾಡಬೇಕಾದ ಸಂಖ್ಯೆ, ಮಂಡಿ ಅಥವಾ ಬೆನ್ನಿನ ತೊಂದರೆ ಇದ್ದರೆ ಅದು, ಇಷ್ಟು ಸಾಕು. ತುರ್ತು ಸಂಖ್ಯೆ ತಂದೆತಾಯಿಯದೇ ಆಗಬೇಕೆಂಬ ಒತ್ತಾಯ ವಯಸ್ಕರ ವಿಷಯದಲ್ಲಿ ಬೇಡ. ಶುಲ್ಕವನ್ನು ಫೋನ್‌ಪೇ ಮೂಲಕ ಪಡೆಯುವಾಗ ಕಳುಹಿಸಿದವರ ಬ್ಯಾಂಕ್ ಖಾತೆಯ ಹೆಸರು ನಿಮ್ಮ ಪರದೆಯ ಮೇಲೆ ಕಾಣುತ್ತದೆ. ಟ್ರಾನ್ಸ್ ವ್ಯಕ್ತಿಯೊಬ್ಬರ ಖಾತೆ ಹಳೆಯ ಹೆಸರಿನಲ್ಲೇ ಇರಬಹುದು, ಅದನ್ನು ಹಾಜರಿ ಪುಸ್ತಕಕ್ಕೆ ಇಳಿಸಿ ಮಾರನೆಯ ದಿನ ಎಲ್ಲರೆದುರು ಕೂಗುವ ಕೆಲಸ ನಿಮ್ಮ ಸಹಾಯಕರಿಂದ ಆಗದಂತೆ ನೋಡಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿಯೊಬ್ಬರ ಸಂಖ್ಯೆಯೂ ಉಳಿದವರಿಗೆಲ್ಲ ಸಿಗುತ್ತದೆ. ಆದ್ದರಿಂದ ಗುಂಪು ಬಿಟ್ಟು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಸಂದೇಶ ಒಬ್ಬೊಬ್ಬರಿಗೇ ಹೋಗುತ್ತದೆ. ಅಭ್ಯಾಸದ ವಿಡಿಯೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುವುದು ಇಂದಿನ ನೃತ್ಯಶಾಲೆಗಳಿಗೆಲ್ಲ ಅಂಟಿದ ಚಟವಾಗಿದೆ. ಸಂಜೆಯ ಬ್ಯಾಚಿನಲ್ಲಿ ಅದನ್ನು ಪೂರ್ತಿ ನಿಲ್ಲಿಸಿ. ಕೇಳಿ ಹಾಕುತ್ತೇವೆ ಎಂಬ ಸಡಿಲಿಕೆಯೂ ಬೇಡ, ಏಕೆಂದರೆ ಎಲ್ಲರೂ ಒಪ್ಪಿದಾಗ ಒಬ್ಬರೇ ಬೇಡವೆಂದರೆ ಆ ಬೇಡವೇ ಒಂದು ಸುಳಿವಾಗುತ್ತದೆ.

ಇನ್ನು ಪಾಠದೊಳಗಿನ ವಿಷಯ. ಇಲ್ಲಿ ನಮ್ಮ ಕಲೆಯೇ ನಿಮಗೆ ದೊಡ್ಡ ಬಲ, ಅದನ್ನು ಅನೇಕ ಗುರುಗಳು ಬಳಸಿಕೊಳ್ಳುವುದಿಲ್ಲ. ಭರತನಾಟ್ಯದ ಏಕಾಹಾರ್ಯ ಅಭಿನಯದಲ್ಲಿ ಒಂದೇ ದೇಹ, ಒಂದೇ ಉಡುಪು ನಾಯಕಿಯೂ ಆಗುತ್ತದೆ, ಸಖಿಯೂ ಆಗುತ್ತದೆ, ಮುನಿಸಿಕೊಂಡ ನಾಯಕನೂ ಆಗುತ್ತದೆ. ಹೀಗಿದ್ದೂ ತರಗತಿಯಲ್ಲಿ ನಾವು ಹುಡುಗರಿಗೆ ಬಿರುಸಿನ ತಾಂಡವ, ಹುಡುಗಿಯರಿಗೆ ಬಳುಕಿನ ಲಾಸ್ಯ ಎಂದು ಹಂಚಿಬಿಡುತ್ತೇವೆ. ಹುಡುಗನ ಕೈಬಳಕು ತುಸು ಹೆಚ್ಚಾದರೆ ‘ಗಂಡಸರ ಹಾಗೆ ಮಾಡು’ ಎಂದು ತಟ್ಟುಕೋಲು ಕುಟ್ಟುತ್ತೇವೆ. ಹಾಸನದ ನೃತ್ಯಶಾಲೆಗಳಲ್ಲಿ ಹುಡುಗರ ಸಂಖ್ಯೆ ಕಡಿಮೆಯಿರುವುದರಿಂದ ಹುಡುಗಿಯೇ ಕೃಷ್ಣನಾಗುವುದು ವಾಡಿಕೆ, ಅದನ್ನು ಕಂಡು ಅಜ್ಜಿಯರು ದೃಷ್ಟಿ ತೆಗೆಯುತ್ತಾರೆ. ಹುಡುಗ ರಾಧೆಯಾದರೆ ಮಾತ್ರ ಹಿಂದಿನ ಸಾಲಿನಲ್ಲಿ ನಗು ಏಳುತ್ತದೆ. ಈ ತಾರತಮ್ಯವನ್ನು ನೀವು ಭಾಷಣ ಮಾಡಿ ಸರಿಪಡಿಸಬೇಕಾಗಿಲ್ಲ. ಎಲ್ಲರಿಗೂ ಎಲ್ಲ ಪಾತ್ರಗಳನ್ನೂ ಸರದಿಯಂತೆ ಕಲಿಸುವುದನ್ನು ನಿಯಮ ಮಾಡಿದರೆ ಯಾರ ಪಾತ್ರವೂ ಯಾರ ಬಗೆಗಿನ ಸೂಚನೆಯೂ ಆಗುವುದಿಲ್ಲ. ಭಸ್ಮಾಸುರನ ಪ್ರಸಂಗದಲ್ಲಿ ಮೋಹಿನಿಯನ್ನು ಒಂದು ತಿಂಗಳು ಇಡೀ ಬ್ಯಾಚು ಮಾಡಲಿ, ಮುಂದಿನ ತಿಂಗಳು ಇಡೀ ಬ್ಯಾಚು ಭಸ್ಮಾಸುರನನ್ನು ಮಾಡಲಿ.

ಪದ, ಜಾವಳಿಗಳೆಂಬ ಶೃಂಗಾರದ ಹಾಡುಗಳನ್ನು ಹೇಳಿಕೊಡುವಾಗ ನಿಮ್ಮ ವಿವರಣೆಯ ಮಾತುಗಳನ್ನು ಗಮನಿಸಿಕೊಳ್ಳಿ. ‘ನಾಳೆ ನಿನಗೆ ಗಂಡ ಬಂದಾಗ ಗೊತ್ತಾಗುತ್ತದೆ’ ಎಂಬ ತಮಾಷೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ವಿರಹವನ್ನು ವಿರಹವಾಗಿ ಹೇಳಿಕೊಟ್ಟರೆ ಸಾಕು. ಅದು ಯಾರಿಗಾಗಿ ಎಂಬುದನ್ನು ಕಲಿಯುವವರು ತಮ್ಮ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ, ಅದನ್ನು ನೀವು ಕೇಳಬೇಕಾಗಿಲ್ಲ. ದೇಹವನ್ನು ಮುಟ್ಟಿ ಅರಮಂಡಿ (ಮಂಡಿ ಬಾಗಿಸಿ ನಿಲ್ಲುವ ಭಂಗಿ) ತಿದ್ದುವ ಮುನ್ನ ಪ್ರತಿ ಸಲವೂ ಒಪ್ಪಿಗೆ ಕೇಳಿ, ಸಾಧ್ಯವಾದಲ್ಲೆಲ್ಲ ನೀವೇ ಮಾಡಿ ತೋರಿಸಿ ತಿದ್ದಿ. ಇದು ಎಲ್ಲ ಕಲಿಕಾರ್ಥಿಗಳಿಗೂ ಒಳ್ಳೆಯದು, ಆದರೆ ತನ್ನ ದೇಹದೊಡನೆಯೇ ಮುನಿಸಿರುವ ಟ್ರಾನ್ಸ್ ವ್ಯಕ್ತಿಗೆ ಇದು ತರಗತಿಯಲ್ಲಿ ಉಳಿಯುವ ಅಥವಾ ಬಿಟ್ಟುಹೋಗುವ ಪ್ರಶ್ನೆಯೇ ಆಗಬಹುದು. ಎದೆ ಚಪ್ಪಟೆಯಾಗಿ ಕಾಣಲೆಂದು ಬಿಗಿಯಾದ ಒಳ ಉಡುಪು ಧರಿಸುವ ಟ್ರಾನ್ಸ್ ಪುರುಷರು ಬಂದರೆ, ಅದನ್ನು ತೊಟ್ಟು ವೇಗದ ಅಡವುಗಳನ್ನು ಮಾಡಿದರೆ ಉಸಿರು ಕಟ್ಟುತ್ತದೆ ಎಂಬುದು ನಿಮಗೆ ತಿಳಿದಿರಲಿ. ಅದರ ಬದಲು ಸಡಿಲವಾದ ದಪ್ಪ ಜುಬ್ಬಾ ಹಾಕಿಕೊಳ್ಳಲು ಹೇಳಿ, ನಡುನಡುವೆ ವಿರಾಮ ಕೊಡಿ. ಅಭ್ಯಾಸದ ಉಡುಪು ಎಲ್ಲರಿಗೂ ಒಂದೇ ಇರಲಿ. ಹುಡುಗಿಯರು ಒಳಕೋಣೆಯಲ್ಲಿ, ಹುಡುಗರು ಮೆಟ್ಟಿಲ ಮೇಲೆ ಬಟ್ಟೆ ಬದಲಿಸುವ ಪದ್ಧತಿ ಇದ್ದರೆ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದೇ ಒಂದು ಚಿಕ್ಕ ಜಾಗ ಮಾಡಿ ಎಲ್ಲರೂ ಸರದಿಯಲ್ಲಿ ಬಳಸುವಂತೆ ಮಾಡಿ. ಶೌಚಾಲಯಕ್ಕೂ ಇದೇ ಮಾತು ಸಲ್ಲುತ್ತದೆ.

ಪರಂಪರೆಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಜಿಲ್ಲೆಯ ಬಯಲಾಟವಾದ ಮೂಡಲಪಾಯದಲ್ಲಿ, ಪಕ್ಕದ ಶೃಂಗೇರಿ-ಕೊಪ್ಪದ ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟುತ್ತಲೇ ಬಂದಿದ್ದಾರೆ, ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಮೋಹಿನಿ ನಿಂತಿದ್ದಾಳೆ, ಆದ್ದರಿಂದ ನಮ್ಮ ಸಂಸ್ಕೃತಿ ಇದನ್ನೆಲ್ಲ ಎಂದೋ ಒಪ್ಪಿದೆ ಎಂಬ ವಾದವನ್ನು ಸಭೆಗಳಲ್ಲಿ ಕೇಳುತ್ತಿರುತ್ತೇವೆ. ಅರ್ಧ ಮಾತ್ರ ನಿಜ. ರಂಗ ಒಪ್ಪಿದ್ದು ವೇಷವನ್ನು. ವೇಷ ಕಳಚಿದ ಮೇಲೆ ಅದೇ ನಡಿಗೆಯಲ್ಲಿ ಸಂತೆಗೆ ಹೋದವರನ್ನು ಊರು ಆಡಿಕೊಂಡಿತು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಶಿಲಾಬಾಲಿಕೆಯರ ಭಂಗಿಗಳನ್ನು ನಾವು ವಾರ್ಷಿಕೋತ್ಸವದ ಪರದೆಗೆ ಮುದ್ರಿಸುತ್ತೇವೆ, ಆದರೆ ಅಂಥ ಭಂಗಿಯಲ್ಲಿ ಹುಡುಗನೊಬ್ಬ ಬಸ್ ನಿಲ್ದಾಣದಲ್ಲಿ ನಿಂತರೆ ಏನಾಗುತ್ತದೆಂದು ನಿಮಗೆ ಗೊತ್ತು. ಜೋಗತಿ ನೃತ್ಯದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು; ಅದೇ ವರ್ಷದ ಪಟ್ಟಿಯಲ್ಲಿ ಹೆಣ್ಣುವೇಷದ ಲೌಂಡಾ ನಾಚ್ ಕಲಾವಿದ, ಬಿಹಾರದ ರಾಮಚಂದ್ರ ಮಾಂಝಿ ಅವರೂ ಇದ್ದರು. ಆ ಗೌರವಗಳು ಬಂದದ್ದು ಬಡತನ ಮತ್ತು ಅಪಹಾಸ್ಯದಲ್ಲಿ ಕಳೆದ ದೀರ್ಘ ವರ್ಷಗಳ ನಂತರ ಎಂಬುದನ್ನು ಮರೆತು ಅವರ ಹೆಸರನ್ನು ಪರಂಪರೆಯ ಔದಾರ್ಯಕ್ಕೆ ಸಾಕ್ಷಿಯಾಗಿ ಬಳಸುವುದು ನನಗೆ ಸರಿಕಾಣದು. ಶಾಸ್ತ್ರೀಯ ನೃತ್ಯಕ್ಕೇ ಉದಾಹರಣೆ ಬೇಕಿದ್ದರೆ, ತಂಜಾವೂರಿನ ಕಿಟ್ಟಪ್ಪ ಪಿಳ್ಳೈ ಅವರಲ್ಲಿ ಕಲಿತು 2019ರಲ್ಲಿ ಪದ್ಮಶ್ರೀ ಪಡೆದ ನರ್ತಕಿ ನಟರಾಜ್ ಇದ್ದಾರೆ. ಅವರ ಕಥೆಯಲ್ಲಿ ನಿಮಗೆ ಉಪಯುಕ್ತವಾದದ್ದು ಪ್ರಶಸ್ತಿಯಲ್ಲ. ಟ್ರಾನ್ಸ್ ವ್ಯಕ್ತಿಯೊಬ್ಬರನ್ನು ಶಿಷ್ಯೆಯೆಂದು ಸ್ವೀಕರಿಸಿ, ಬೇರೆ ಶಿಷ್ಯರಿಗೆ ಕಲಿಸುವುದನ್ನೇ ಕಲಿಸಿದ ಗುರುವೊಬ್ಬರಿದ್ದರು ಎಂಬ ಸಂಗತಿ.

ನಿಮ್ಮನ್ನು ಕೇಳಿರುವ ಟ್ರಾನ್ಸ್ ಮಹಿಳೆಗೂ ಅದನ್ನೇ ಕೊಡಿ. ಅವರು ಎಲ್ಲರ ಮೊದಲ ಪಾಠವಾದ ತಟ್ಟಡವಿನಿಂದ ಆರಂಭಿಸಲಿ. ವಯಸ್ಸಾದ ಮೇಲೆ ಕಲಿಯಲು ಬಂದವರ ಮಂಡಿ, ಹಿಮ್ಮಡಿಗಳಿಗೆ ಬೇಕಾದ ಎಚ್ಚರಿಕೆಯನ್ನು ಅವರಿಗೂ ವಹಿಸಿ, ತಪ್ಪಾದಾಗ ಉಳಿದವರಿಗೆ ಹೇಳುವಷ್ಟೇ ಕಟ್ಟುನಿಟ್ಟಾಗಿ ಹೇಳಿ. ಅನುಕಂಪದಿಂದ ತಪ್ಪನ್ನು ತಿದ್ದದೆ ಬಿಡುವುದೂ ಒಂದು ಬಗೆಯ ಹೊರಗಿಡುವಿಕೆಯೇ. ಅವರ ದುಡಿಮೆ ಯಾವುದು, ಯಾವ ಹೊತ್ತಿಗೆ ಬಿಡುವಾಗುತ್ತದೆ, ಶುಲ್ಕವನ್ನು ವಾರಕ್ಕಿಷ್ಟು ಎಂದು ಕೊಡುವುದು ಅನುಕೂಲವೇ ಎಂದು ನೇರವಾಗಿ ಕೇಳಿ. ಶಸ್ತ್ರಚಿಕಿತ್ಸೆಯ ಬಗ್ಗೆ, ಹಳೆಯ ಹೆಸರಿನ ಬಗ್ಗೆ, ಮನೆಯವರ ಬಗ್ಗೆ ಕೇಳಬೇಡಿ, ಬ್ಯಾಚಿನವರು ಕೇಳಿದರೆ ನೀವೇ ಮಾತು ತಿರುಗಿಸಿ. ಒಂದು ಬೇಡಿಕೆ ಖಂಡಿತ ಬರುತ್ತದೆ: ಹಾಸನಾಂಬ ಕಲಾಕ್ಷೇತ್ರದಲ್ಲಿ ನಿಮ್ಮ ವಾರ್ಷಿಕೋತ್ಸವ ನಡೆಯುವಾಗ ಅವರನ್ನು ವಿಶೇಷ ಆಕರ್ಷಣೆಯಾಗಿ ಪರಿಚಯಿಸಿ, ಅತಿಥಿಗಳಿಂದ ಶಾಲು ಹೊದಿಸಿ ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಒಪ್ಪಬೇಡಿ. ಅವರು ಸಿದ್ಧರಾದಾಗ, ಅವರಿಗೆ ಇಷ್ಟವಿದ್ದರೆ, ಸಾಲಿನಲ್ಲಿ ಮೂರನೆಯವರಾಗಿಯೋ ನಾಲ್ಕನೆಯವರಾಗಿಯೋ ಉಳಿದವರಂತೆಯೇ ಕುಣಿಯಲಿ.

ಮುಚ್ಚಿದ ಬಾಗಿಲಿನ ಗಂಟೆಯ ಬಗ್ಗೆ ಹೇಳುವುದಾದರೆ, ಅದಕ್ಕೆ ಮೊದಲು ಬರುವವರು ಬಹುಶಃ ಹಾಸನದವರಾಗಿರುವುದಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ಕಾಲೇಜುಗಳ ಹಾಸ್ಟೆಲಿನಲ್ಲಿರುವ ಪರಊರಿನ ವಿದ್ಯಾರ್ಥಿಗಳಿಗೆ ಇಲ್ಲಿ ನೆಂಟರಿಲ್ಲ, ಅವರಿಗೆ ಧೈರ್ಯ ಬೇಗ ಬರುತ್ತದೆ. ಹಾಸ್ಟೆಲಿನ ಗೇಟು ಮುಚ್ಚುವ ಸಮಯವನ್ನೂ, ಆಲೂರು, ಅರಸೀಕೆರೆ ಕಡೆಯ ಬಸ್ಸುಗಳನ್ನೂ ನೋಡಿಕೊಂಡು ವೇಳೆ ನಿಗದಿ ಮಾಡಿ. ಕತ್ತಲಾದ ಮೇಲೆ ಒಂಟಿಯಾಗಿ ನಿಲ್ದಾಣದಲ್ಲಿ ಕಾಯುವುದು ಇವರಲ್ಲಿ ಕೆಲವರಿಗೆ ಬೇರೆಯವರಿಗಿಂತ ಹೆಚ್ಚು ಅಪಾಯಕರ. ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶವಿರಲಿ. ಫೋನುಗಳು ಒಂದು ಬುಟ್ಟಿಯಲ್ಲಿರಲಿ. ಆ ಗಂಟೆಯಲ್ಲಿ ಭರತನಾಟ್ಯವೇ ಆಗಬೇಕೆಂಬ ಹಟವೂ ಬೇಡ. ಕನ್ನಡ ಚಿತ್ರಗೀತೆ ಇರಲಿ, ಕೋಲಾಟವಿರಲಿ. ನವರಾತ್ರಿಯ ದಾಂಡಿಯಾ ಕೂಟಗಳಲ್ಲಿ ‘ಜೋಡಿಗಳಿಗೆ ಮಾತ್ರ’ ಎಂಬ ಫಲಕ ನೋಡಿ ಹಿಂದಿರುಗಿದವರಿಗೆ ತಮಗಿಷ್ಟವಾದವರ ಜೊತೆ ಕೋಲು ತಾಗಿಸುವ ಸುಖ ಎಂಥದೆಂದು ಹೊರಗಿನವರಿಗೆ ಊಹಿಸುವುದು ಕಷ್ಟ. ನೋಡುಗರು ಬೇಡವೇ ಬೇಡ. ಬೆಂಬಲಿಸುವ ಸ್ನೇಹಿತರಾಗಲಿ, ಪತ್ರಕರ್ತರಾಗಲಿ, ಸ್ವಯಂಸೇವಾ ಸಂಸ್ಥೆಯವರಾಗಲಿ ಗೋಡೆಗೊರಗಿ ನಿಂತು ನೋಡುವಂತಿಲ್ಲ; ಒಳಗೆ ಬಂದವರು ಕುಣಿಯಬೇಕು, ಇಲ್ಲವೇ ಹೊರಡಬೇಕು. ಈ ವಿಷಯದಲ್ಲಿ ನನ್ನ ಅನೇಕ ಗೆಳೆಯರಿಗೆ ನನ್ನೊಡನೆ ಭಿನ್ನಾಭಿಪ್ರಾಯವಿದೆ, ಬೆಂಬಲಿಗರು ಕಂಡಷ್ಟೂ ಸಮಾಜ ಬದಲಾಗುತ್ತದೆ ಎಂಬುದು ಅವರ ವಾದ. ಸಮಾಜ ಬದಲಾಗಲು ಬೇರೆ ಜಾಗಗಳಿವೆ ಎಂದಷ್ಟೇ ಹೇಳುತ್ತೇನೆ. ಕಲಿಸುವವರು ಮತ್ತು ಕಲಿಯುವವರ ನಡುವೆ ಪ್ರೇಮಪ್ರಸಂಗ ಕೂಡದು ಎಂಬ ನಿಯಮವನ್ನು ಮೊದಲ ದಿನವೇ ಹೇಳಿ. ತುಂಬ ನೊಂದವರು ಕಂಡುಬಂದರೆ ನೀವೇ ಆಪ್ತಸಲಹೆಗಾರರಾಗಲು ಹೋಗದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ, ಕನ್ನಡದಲ್ಲಿ ಮಾತನಾಡಬಹುದು.

ಪೋಷಕರ ವಿಷಯಕ್ಕೆ ಬರೋಣ. ಮಕ್ಕಳ ಬ್ಯಾಚೂ ದೊಡ್ಡವರ ಬ್ಯಾಚೂ ಬೇರೆಬೇರೆ ಹೊತ್ತಿನಲ್ಲಿ ಇರುವುದರಿಂದ ನಿಮ್ಮ ಸ್ಥಿತಿ ಅಷ್ಟು ಕಷ್ಟದ್ದಲ್ಲ. ಯಾರಾದರೂ ಬಂದು ‘ಮೇಡಂ, ಸಂಜೆ ಎಂಥೆಂಥವರೋ ಬರುತ್ತಾರಂತೆ’ ಎಂದರೆ, ‘ಸಂಜೆ ಭರತನಾಟ್ಯ ಕಲಿಯುವ ದೊಡ್ಡವರು ಬರುತ್ತಾರೆ, ನಿಮ್ಮ ಮಗುವಿನ ಬಗ್ಗೆ ನಾನು ಬೇರೆಯವರೊಡನೆ ಹೇಗೆ ಮಾತನಾಡುವುದಿಲ್ಲವೋ ಹಾಗೆಯೇ ಅವರ ಬಗ್ಗೆಯೂ ಮಾತನಾಡುವುದಿಲ್ಲ’ ಎಂದು ಹೇಳಿ. ಈ ಉತ್ತರದಿಂದ ಒಂದಿಬ್ಬರು ಮಕ್ಕಳನ್ನು ಬಿಡಿಸಿಯಾರು, ಅದಕ್ಕೆ ಸಿದ್ಧರಿರಿ. ಹೆಚ್ಚಿನ ಪೋಷಕರಿಗೆ ಬೇಕಾಗಿರುವುದು ಮಗು ಸುರಕ್ಷಿತವಾಗಿದೆ ಎಂಬ ಭರವಸೆ. ಅದಕ್ಕೆ ತರಗತಿಯ ಬಾಗಿಲು ಪೋಷಕರಿಗೆ ತೆರೆದಿರುವುದು, ಯಾವ ದೊಡ್ಡವರೂ ಮಗುವಿನೊಡನೆ ಒಂಟಿಯಾಗಿ ಇರದಿರುವುದು, ಮುಟ್ಟುವ ನಿಯಮ ಎಲ್ಲರಿಗೂ ಗೊತ್ತಿರುವುದು ಬೇಕು. ಇವು ಯಾವ ನೃತ್ಯಶಾಲೆಯಲ್ಲಾದರೂ ಇರಬೇಕಾದವೇ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂಬ ಸಂಗತಿ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕಡ್ಡಾಯ ಹೊಣೆ. ಆದರೆ ಹದಿನೈದರ ಹುಡುಗನೋ ಹುಡುಗಿಯೋ ತನ್ನ ಮನಸ್ಸು ಎತ್ತ ಒಲಿದಿದೆ ಎಂದು ನಿಮ್ಮಲ್ಲಿ ಹೇಳಿಕೊಂಡದ್ದು ಅಪರಾಧದ ಸುದ್ದಿಯಲ್ಲ, ಅದನ್ನು ಮನೆಗೆ ಮುಟ್ಟಿಸುವ ಕೆಲಸ ನಿಮ್ಮದಲ್ಲ.

ಕಾನೂನು ನಿಮ್ಮ ಬೆನ್ನಿಗೆ ಎಷ್ಟರಮಟ್ಟಿಗೆ ಇದೆ ಎಂಬುದನ್ನು ತಿಳಿದಿರಿ. ಲಿಂಗತ್ವವನ್ನು ಸ್ವತಃ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಎತ್ತಿಹಿಡಿಯಿತು. ವಯಸ್ಕರ ನಡುವಿನ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ತೀರ್ಪಾಯಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರ ನವತೇಜ್ ಸಿಂಗ್ ಜೋಹರ್ ಭರತನಾಟ್ಯ ಕಲಾವಿದರು ಎಂಬುದನ್ನು ನಮ್ಮ ನೃತ್ಯಗುರುಗಳಲ್ಲಿ ಎಷ್ಟು ಜನ ಗಮನಿಸಿದ್ದಾರೋ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 3ನೇ ಕಲಂ ಶಿಕ್ಷಣ, ಉದ್ಯೋಗ, ಸಾರ್ವಜನಿಕರಿಗೆ ದೊರೆಯುವ ಸೇವೆಗಳು, ಬಾಡಿಗೆ ಜಾಗ ಮುಂತಾದವುಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. ಗೇ ಅಥವಾ ಲೆಸ್ಬಿಯನ್ ವ್ಯಕ್ತಿಗಳಿಗೆ ಖಾಸಗಿ ಮಾಲೀಕರ ವಿರುದ್ಧ ಇಂಥ ಪ್ರತ್ಯೇಕ ಕಾಯ್ದೆಯಿಲ್ಲ. ಆದ್ದರಿಂದ ಕಟ್ಟಡದ ಮಾಲೀಕರೊಡನೆ ವಾದಕ್ಕಿಂತ ಕರಾರು ಪತ್ರವೇ ನಿಮಗೆ ಹೆಚ್ಚು ರಕ್ಷಣೆ. ಬಾಯಿಮಾತಿನ ಬಾಡಿಗೆಯಾಗಿದ್ದರೆ ಈಗಲೇ ಬರವಣಿಗೆಗೆ ಇಳಿಸಿ. ಉದ್ದೇಶ ‘ನೃತ್ಯ ತರಗತಿ’ ಎಂದಿರಲಿ, ತೆರೆದಿರುವ ವೇಳೆ ಸ್ಪಷ್ಟವಾಗಿರಲಿ, ತೆರವಿಗೆ ಮೂರು ತಿಂಗಳ ನೋಟಿಸ್ ಇರಲಿ. ಧ್ವನಿಯ ಬಗ್ಗೆ ದೂರು ಬಾರದಂತೆ ನೋಡಿಕೊಳ್ಳಿ. ಆಕ್ಷೇಪ ಎತ್ತಲು ಮನಸ್ಸಿರುವವರಿಗೆ ಮೊದಲು ಕೈಗೆ ಸಿಗುವ ನೆಪ ಗೆಜ್ಜೆಯ ಸದ್ದು.

ಕೊನೆಗೆ ನಿಮ್ಮ ಹಳೆಯ ಶಿಷ್ಯನ ಪ್ರಶ್ನೆ. ಸೀನಿಯರ್ ಮುಗಿಸಿದವನಿಗೆ ಅಡವು ಕಲಿಸುವ ಅರ್ಹತೆಯಿದೆ, ಇಟ್ಟುಕೊಳ್ಳಿ. ಆದರೆ ಅವನನ್ನು ಮುಚ್ಚಿದ ಬಾಗಿಲಿನ ಗಂಟೆಗೆ ಮಾತ್ರ ಕಟ್ಟಿಹಾಕಬೇಡಿ. ಹಾಗೆ ಮಾಡಿದರೆ ಅವನನ್ನು ನೇಮಿಸಿದ್ದೇ ಅವನ ಗುರುತಿಗಾಗಿ ಎಂದಾಗುತ್ತದೆ, ಮತ್ತು ಆ ಬ್ಯಾಚಿನ ಎಲ್ಲರ ಸಂಕಟಗಳೂ ಅವನ ತಲೆಗೇ ಬಂದು ಕೂರುತ್ತವೆ. ಮಕ್ಕಳ ಬ್ಯಾಚಿನಲ್ಲಿ ನೀವಿರುವಾಗ ನಿಮ್ಮ ಜೊತೆಗೆ ನಟುವಾಂಗ (ಕುಣಿತಕ್ಕೆ ತಾಳ ಹಾಕುವುದು) ಹಿಡಿಯಲಿ, ಸಂಜೆ ಸ್ವತಂತ್ರವಾಗಿ ಪಾಠ ಮಾಡಲಿ, ವಿದ್ವತ್ ಪರೀಕ್ಷೆಗೆ ಓದುವುದನ್ನು ಮುಂದುವರಿಸಲಿ. ತನ್ನ ವಿಷಯವನ್ನು ಯಾರಿಗೆ ಎಷ್ಟು ಹೇಳಬೇಕೆಂದು ಅವನೇ ನಿರ್ಧರಿಸಲಿ, ನೀವು ಅವನನ್ನು ಸಹ ಶಿಕ್ಷಕನೆಂದಷ್ಟೇ ಪರಿಚಯಿಸಿ. ಸಂಬಳವನ್ನು ಸೇವೆಯ ಹೆಸರಿನಲ್ಲಿ ತಪ್ಪಿಸದೆ, ಗಂಟೆಗಿಷ್ಟೆಂದು ಬರೆದು, ತಿಂಗಳ ಮೊದಲ ವಾರದಲ್ಲೇ ಕೊಡಿ.